ನಕ್ಷೆ ಯಾರ ಗೋಡೆಗೆ?

ಆಫ್ರಿಕದ ಹಳೇ ನಕ್ಷೆಗೆ ದುಡ್ಡು ಸುರಿದು, ಗಾಜು ಹಾಕಿಸಿ ಗೋಡೆಗೆ ನೇತುಹಾಕೋ ಜನ ಇದ್ದಾರೆ. 1884-85ರಲ್ಲಿ ಬರ್ಲಿನ್ನಿನ ಗೋಡೆಯ ಮೇಲೂ ಅಂಥದ್ದೇ ಇತ್ತು. ಆಫ್ರಿಕ ಹಂಚಿಕೊಳ್ಳುವ ಕಟ್ಟಳೆ ಬರೆದ ಆ ಸಭೆಗೆ ಒಬ್ಬ ಆಫ್ರಿಕದವನನ್ನೂ ಕರೆದಿರಲಿಲ್ಲ.

ನಮ್ಮ ಸೀಮೆಯ ಕತೆ ಬೇರೆಯೇ? 1791ರಲ್ಲಿ ಸಾವನದುರ್ಗ ಹಿಡಿದ ಕುಂಪಣಿ, 1799ರಲ್ಲಿ ಟಿಪ್ಪು ಸತ್ತ ಮೇಲೆ ಮೆಕೆಂಜಿಯಿಂದ ಮೈಸೂರನ್ನೆಲ್ಲ ಅಳೆಸಿತು. ಇವತ್ತಿನ ರಾಮನಗರಕ್ಕೆ ರೆಸಿಡೆಂಟ್ ಕ್ಲೋಸ್‌ನ ಹೆಸರು ಬಿತ್ತು: ಕ್ಲೋಸ್‌ಪೇಟೆ. ಸಾಹೇಬರ ಹೆಸರು ಉಳಿಯಿತು, ಸರಪಳಿ ಎಳೆದ ಕೂಲಿಯವರದು ಉಳಿಯಲಿಲ್ಲ.

ಮಾಗಡಿ, ಕನಕಪುರ, ಚನ್ನಪಟ್ಟಣದ ಗೆಳೆಯರೇ, ನಾವೂ ಹಳೇ ನಕ್ಷೆ ಕೂಡಿಡೋಣ, ಗೋಡೆಗಲ್ಲ. ಗ್ರಾಮನಕ್ಷೆಯ ನಕಲು ತೆಗೆಸೋಣ. ನಮ್ಮಜ್ಜಂದಿರಿಗೆ ಮಂಜೂರಾದ ಸರ್ವೆ ನಂಬರು, ನಮ್ಮ ಹೆಣ ಹೋಗುತ್ತಿದ್ದ ದಾರಿ ಈಗ ಯಾರ ಬೇಲಿಯೊಳಗಿವೆ? ಪರಭಾರೆಯಾದ ಮಂಜೂರಿ ಜಮೀನು ವಾಪಸ್ ಕೇಳೋಕೆ 1978ರ ಪಿ.ಟಿ.ಸಿ.ಎಲ್. ಕಾಯ್ದೆ ಇದೆ. ನಕಲು ಹಿಡಿದು ಎ.ಸಿ. ಕಚೇರಿಯ ಮೆಟ್ಟಿಲು ಹತ್ತೋಣ.