ಗಡಿಯಾರದ ಪಕ್ಕದ ಪುಟ್ಟ ಚಿತ್ರ

ಮಕ್ಕಳೇ, ಕಂಪ್ಯೂಟರ್ ಪರದೆಯ ಮೂಲೆಯಲ್ಲಿ ಗಡಿಯಾರ ಇರುತ್ತದಲ್ಲ, ಅದರ ಪಕ್ಕದ ಪುಟಾಣಿ ಚಿತ್ರಗಳನ್ನು ಎಂದಾದರೂ ಎಣಿಸಿದ್ದೀರಾ? ಆ ಜಾಗಕ್ಕೆ ಸಿಸ್ಟಮ್ ಟ್ರೇ ಎನ್ನುತ್ತಾರೆ. 1995ರ ವಿಂಡೋಸ್‌ನಲ್ಲೇ ಅದಿತ್ತು. ಕಿಟಕಿ ಮುಚ್ಚಿದ ಮೇಲೂ ಒಳಗೊಳಗೇ ಕೆಲಸ ಮಾಡುವ ತಂತ್ರಾಂಶಗಳು ‘ನಾನಿಲ್ಲಿದ್ದೇನೆ’ ಎಂದು ಹೇಳುವುದು ಅಲ್ಲಿಂದ.

ಕನ್ನಡ ಟೈಪ್ ಮಾಡುವವರಿಗೆ ಈ ಮೂಲೆ ಬಹಳ ಮುಖ್ಯ. ಶೇಷಾದ್ರಿವಾಸು ಅವರು 1998ರಲ್ಲಿ ಕೊಟ್ಟ ‘ಬರಹ’ದಂಥ ತಂತ್ರಾಂಶ ಬಳಸುವಾಗ, ಕೀಲಿಮಣೆ ಈಗ ಕನ್ನಡದಲ್ಲಿದೆಯೋ ಇಂಗ್ಲಿಷಿನಲ್ಲಿದೆಯೋ ಎಂದು ನೋಡುವುದು ಅಲ್ಲೇ. ಪಾಸ್‌ವರ್ಡ್ ಒತ್ತುವಾಗ ಬರೀ ಚುಕ್ಕೆ ಕಾಣುತ್ತದೆ. ಕೀಲಿಮಣೆ ಕನ್ನಡದಲ್ಲಿದ್ದರೆ ಸರಿಯಾದ ಪಾಸ್‌ವರ್ಡೂ ತಪ್ಪಾಗುತ್ತದೆ. ಕೆಲವು ಸಲ ಹೀಗಾದರೆ ಖಾತೆಗೆ ಬೀಗ! ಪಿಂಚಣಿ ಬಂತೇ ಎಂದು ನೋಡಲು ಕುಳಿತ ಅಜ್ಜಿಗೆ ಇದು ಸಣ್ಣ ಮಾತಲ್ಲ.

ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಕಡೆ ನಾನು ಬ್ಯಾಂಕ್ ಗುಮಾಸ್ತನಾಗಿದ್ದೆ. ವೋಚರ್ ಎಲ್ಲ ಕಡೆ ಒಂದೇ. ಅದನ್ನಿಡುವ ಟ್ರೇ ಮಾತ್ರ ಒಂದು ಶಾಖೆಯಲ್ಲಿ ಅಧಿಕಾರಿಯ ಮೇಜಿನ ಮೇಲೆ, ಇನ್ನೊಂದರಲ್ಲಿ ಗೋಡೆಯ ಗೂಡಿನಲ್ಲಿ. ಮತ್ತೊಂದರಲ್ಲಿ ಟ್ರೇಯೇ ಇಲ್ಲ, ಅಟೆಂಡರ್ ಕೈಗೇ ಕೊಡಬೇಕು.

ಕಂಪ್ಯೂಟರ್‌ಗಳೂ ಹಾಗೇ. ವಿಂಡೋಸ್‌ನಲ್ಲಿ ಈ ಚಿತ್ರ ಸಾಮಾನ್ಯವಾಗಿ ಕೆಳಗೆ, ಮ್ಯಾಕ್‌ನಲ್ಲಿ ಮೇಲಿನ ಪಟ್ಟಿಯಲ್ಲಿ. ಲಿನಕ್ಸ್‌ನಲ್ಲಿ ಹತ್ತು ಮನೆ, ಹತ್ತು ಪದ್ಧತಿ. ಅಲ್ಲಿನ ಗ್ನೋಮ್ ಎಂಬ ಪರದೆ ವ್ಯವಸ್ಥೆ 2017ರಲ್ಲಿ ಹಳೆಯ ಟ್ರೇಯನ್ನೇ ತೆಗೆದುಬಿಟ್ಟಿತು.

ಒಂದೇ ತಂತ್ರಾಂಶವನ್ನು ಮೂರೂ ಕಡೆ ಓಡಿಸಲು ‘ಕ್ಯೂಟ್’ನಂಥ ಉಪಕರಣ ಪೆಟ್ಟಿಗೆಗಳಿವೆ. ಅದಕ್ಕೆ ಟ್ರೇ ಚಿತ್ರದ ಸೌಲಭ್ಯ ಸೇರಿದ್ದು 2006ರ 4.2ನೇ ಆವೃತ್ತಿಯಲ್ಲಿ. ಬರೆಯುವವರು ‘ಈ ಚಿತ್ರ ಟ್ರೇಯಲ್ಲಿಡು’ ಎಂದು ಒಮ್ಮೆ ಹೇಳಿದರೆ ಸಾಕು. ಊರೂರಿನ ಪದ್ಧತಿ ಬಲ್ಲ ಗುಮಾಸ್ತನ ಹಾಗೆ ಉಳಿದದ್ದನ್ನು ಅದು ನೋಡಿಕೊಳ್ಳುತ್ತದೆ. ‘ಇಲ್ಲಿ ಟ್ರೇ ಇದೆಯೇ?’ ಎಂದು ಕೇಳಿ ತಿಳಿಯುವ ದಾರಿಯೂ ಅದರಲ್ಲಿದೆ. ಕೇಳದೆ ಕಿಟಕಿ ಮುಚ್ಚಿದರೆ ತಂತ್ರಾಂಶ ಓಡುತ್ತಲೇ ಇರುತ್ತದೆ, ಕರೆಯಲು ಬಾಗಿಲೇ ಇರುವುದಿಲ್ಲ.

ಮುಂದೆ ತಂತ್ರಾಂಶ ಬರೆಯುವ ಮಕ್ಕಳೇ, ಆ ಪ್ರಶ್ನೆಯನ್ನು ಮರೆಯದೆ ಕೇಳಿ. ಇವತ್ತು ಮಾತ್ರ ಅಜ್ಜಿಯ ಪಕ್ಕ ಕುಳಿತು ಗಡಿಯಾರದ ಹತ್ತಿರದ ಪುಟ್ಟ ಬಾಣದ ಗುರುತನ್ನು ಒತ್ತಿ ತೋರಿಸಿ. ಕಾಣದಾದ ಚಿತ್ರಗಳು ಎಷ್ಟೋ ಸಲ ಅಲ್ಲೇ ಅಡಗಿರುತ್ತವೆ.