ಕವಿಯ ಅಶೋಕ, ವೈದ್ಯರ ಅಶೋಕ

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಕಾಂಪೌಂಡ್ ಗೋಡೆಯ ಪಕ್ಕ ಸಾಲಾಗಿ, ನೆಟ್ಟಗೆ ನಿಂತ ಮರಗಳನ್ನು ಜನ ಅಶೋಕವೆಂದೇ ಕರೆಯುತ್ತಾರೆ. ಉದ್ದನೆಯ ಎಲೆ, ಅಲೆಅಲೆಯಾದ ಅಂಚು. ಹೂ ಬಿಟ್ಟರೂ ಎಲೆಗಳ ನಡುವೆ ಕಣ್ಣಿಗೆ ಬೀಳದ ತಿಳಿಹಸಿರು ಎಸಳು. ಸಸ್ಯಶಾಸ್ತ್ರದ ಪ್ರಕಾರ ಇದು ಸೀತಾಫಲದ ಕುಟುಂಬಕ್ಕೆ ಸೇರಿದ ಕಂಬದ ಮರ. ಹೆಂಗಸರ ಅತಿಸ್ರಾವಕ್ಕೆ ಕೊಡುವ ಅಶೋಕಾರಿಷ್ಟಕ್ಕೆ ಬೇಕಾದ ತೊಗಟೆ ಬೇರೆಯೇ ಮರದ್ದು: ಸರಾಕ ಅಸೋಕ. ಅದು ಹುಣಸೆಯ ಬಳಗದ್ದು, ಪಶ್ಚಿಮ ಘಟ್ಟದ ತೊರೆಗಳ ಬದಿಯಲ್ಲಿ ನೆರಳು, ತೇವ ಇರುವ ಕಡೆ ಬೆಳೆಯುವಂಥದ್ದು, ಅಳಿವಿನ ಭಯವಿರುವ ಪ್ರಭೇದಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿರುವಂಥದ್ದು. ಬೇಡಿಕೆ ಜಾಸ್ತಿ, ಮರ ಕಡಿಮೆ. ಹಾಗಾಗಿ ಕಂಬದ ಮರದ ತೊಗಟೆ ಅಶೋಕದ ಹೆಸರಿನಲ್ಲಿ ಮಾರುಕಟ್ಟೆಗೆ ಬರುತ್ತದೆ ಎಂಬುದು ಔಷಧಿ ತಯಾರಿಸುವವರಿಗೆಲ್ಲ ಗೊತ್ತಿರುವ ಸಂಗತಿ.

ಹಳೆಯ ಗ್ರಂಥದಲ್ಲಿ ಬರುವ ಹೆಸರು ಯಾವ ಗಿಡದ್ದು ಎಂದು ತೀರ್ಮಾನಿಸುವುದು ಹೇಗೆ? ಈ ತೀರ್ಮಾನದಲ್ಲಿ ಕಾವ್ಯವನ್ನು ಸಾಕ್ಷಿಯಾಗಿ ಕರೆಯಬಹುದೇ? ಕರೆಯಲೇಬೇಕು ಎನ್ನುವ ವಿದ್ವಾಂಸರಿದ್ದಾರೆ, ಹತ್ತಿರಕ್ಕೂ ಬಿಟ್ಟುಕೊಳ್ಳಬಾರದು ಎನ್ನುವವರೂ ಇದ್ದಾರೆ. ಎರಡೂ ಕಡೆ ಗಟ್ಟಿಯಾದ ಕಾರಣಗಳಿವೆ. ತಪ್ಪಾದರೆ ಅದನ್ನು ಅನುಭವಿಸುವುದು ಔಷಧಿ ಕುಡಿದವರು. ಆದ್ದರಿಂದ ಇದನ್ನು ಪಂಡಿತರ ಜಗಳವೆಂದು ಪಕ್ಕಕ್ಕಿಡಲು ಮನಸ್ಸು ಒಪ್ಪುವುದಿಲ್ಲ.

ಕಾವ್ಯ ಬೇಕೆನ್ನುವವರ ಮಾತು ಮೊದಲು. ಗುಜರಾತಿನ ಬಾಪಾಲಾಲ್ ವೈದ್ಯರು ವಿವಾದಿತ ಮೂಲಿಕೆಗಳ ಮೇಲೆ ಪುಸ್ತಕ ಬರೆದವರು. ಸಂಸ್ಕೃತ ಸಾಹಿತ್ಯದ ಸಸ್ಯಗಳ ಮೇಲೂ ಬರೆದರು. ಒಂದು ಕೆಲಸಕ್ಕೆ ಇನ್ನೊಂದು ಆಸರೆ ಎಂದು ಅವರು ನಂಬಿದ್ದರಲ್ಲಿ ಅರ್ಥವಿದೆ. ಚರಕ, ಸುಶ್ರುತರ ಸಂಹಿತೆಗಳು ಗಿಡದ ಹೆಸರು, ರಸ, ಗುಣ, ಉಪಯೋಗ ಹೇಳುತ್ತವೆ. ಎಲೆ ಹೇಗಿದೆ, ಹೂವಿನ ಬಣ್ಣ ಏನು ಎಂದು ವಿವರಿಸುವುದು ಅಪರೂಪ. ಗಿಡದ ಹೆಸರು, ರೂಪಗಳು ಆಡು, ಕುರಿ, ದನ ಕಾಯುವವರಿಗೂ ಕಾಡಿನಲ್ಲಿ ವಾಸಿಸುವವರಿಗೂ ಗೊತ್ತು ಎಂದು ಚರಕ ಸಂಹಿತೆಯೇ ಹೇಳುತ್ತದೆ. ಗಿಡವನ್ನು ಕೈಹಿಡಿದು ತೋರಿಸುವವರು ಇದ್ದಾಗ ಬರೆದಿಡುವ ಅಗತ್ಯ ಬರಲಿಲ್ಲ. ಆ ಸರಪಳಿ ಹಲವೆಡೆ ಕಡಿದುಹೋಗಿದೆ. ಉಳಿದ ಬರಹಗಳಲ್ಲಿ ಗಿಡವನ್ನು ಕಣ್ಣಾರೆ ನೋಡಿದ ವಿವರ ಸಿಗುವುದು ಹೆಚ್ಚಾಗಿ ಕವಿಗಳಲ್ಲಿ.

ಅಶೋಕವನ್ನೇ ನೋಡಿ. ಕಾಳಿದಾಸನ 'ಮಾಲವಿಕಾಗ್ನಿಮಿತ್ರ'ದ ಕಥೆ, ಹೆಣ್ಣಿನ ಪಾದ ಸೋಕಿದರೆ ಅರಳುವ ಕೆಂಪು ಅಶೋಕದ ಸುತ್ತ ತಿರುಗುತ್ತದೆ. ಅವನದೆಂದು ಹೇಳುವ 'ಋತುಸಂಹಾರ'ದ ವಸಂತದಲ್ಲಿ ಅಶೋಕ ಬುಡದಿಂದಲೇ ಹವಳದ ಬಣ್ಣದ ಗೊಂಚಲು ಹೊತ್ತು ನಿಂತಿದೆ. ಬುಡದಿಂದ ಎನ್ನುವ ವಿವರವನ್ನು ಗಮನಿಸಬೇಕು. ಸರಾಕ ಮರದ ಎದುರು ಹೋಗಿ ನಿಂತರೆ ಕಾಣುವುದು ಅದೇ: ಹೂಗೊಂಚಲು ಕೊಂಬೆಯ ತುದಿಗಾಗಿ ಕಾಯುವುದಿಲ್ಲ, ಹಳೆಯ ಕೊಂಬೆಯ, ಕಾಂಡದ ತೊಗಟೆಯನ್ನೇ ಸೀಳಿಕೊಂಡು ಬರುತ್ತದೆ. ಅರಳಿದಾಗ ಕಿತ್ತಳೆ, ದಿನ ಕಳೆದಂತೆ ಕಡುಗೆಂಪು. ಎಳೆಯ ಎಲೆಗಳು ತಾಮ್ರದ ಬಣ್ಣದಲ್ಲಿ ಜೋಲುಬಿದ್ದಿರುತ್ತವೆ. ಇಷ್ಟನ್ನು ನೋಡಿದವರು ಕಂಬದ ಮರವನ್ನು ಕಾಳಿದಾಸನ ಅಶೋಕವೆಂದು ಒಪ್ಪುವುದು ಸಾಧ್ಯವೇ ಇಲ್ಲ. ಪ್ರಯೋಗಾಲಯ ಹುಟ್ಟುವ ಎಷ್ಟೋ ಶತಮಾನ ಮೊದಲೇ ಒಬ್ಬ ಕವಿ ಕಲಬೆರಕೆಯ ವಿರುದ್ಧ ಸಾಕ್ಷಿ ನುಡಿದಿಟ್ಟಿದ್ದಾನೆ.

ಇನ್ನೊಂದು ಕಡೆಯವರ ಮಾತಿಗೆ ಬರೋಣ. ಕವಿ ಕಂಡದ್ದನ್ನೇ ಬರೆಯುತ್ತಾನೆ ಎಂದು ಯಾರು ಹೇಳಿದರು ಎಂದು ಅವರು ಕೇಳುತ್ತಾರೆ. ಕಾವ್ಯಕ್ಕೆ ಅದರದೇ ಕಟ್ಟುಪಾಡುಗಳಿವೆ. ಮಹಾಕಾವ್ಯ ಬರೆಯುವವನು ಹದಿನೆಂಟು ವರ್ಣನೆ ತರಬೇಕು. ಅದರಲ್ಲಿ ವನವೂ ಒಂದು. ಒಂದೇ ಮಣ್ಣಿನಲ್ಲಿ ಎಂದೂ ಒಟ್ಟಿಗೆ ಬೆಳೆಯದ ಮರಗಳೂ ಅಲ್ಲಿ ಒಟ್ಟಿಗೆ ಹೂಬಿಡಬಹುದು. ಕ್ರಿ.ಶ. 900ರ ಆಸುಪಾಸಿನ ರಾಜಶೇಖರ 'ಕಾವ್ಯಮೀಮಾಂಸೆ'ಯಲ್ಲಿ ಕವಿಸಮಯಗಳನ್ನು, ಅಂದರೆ ಕವಿಗಳು ಒಪ್ಪಿಕೊಂಡ ರೂಢಿಗಳನ್ನು, ವಿಂಗಡಿಸುವಾಗ ಲೋಕದಲ್ಲಿದ್ದರೂ ಕವಿಗಳು ಹೇಳದೆ ಬಿಡುವ ಸಂಗತಿಗಳ ಪಟ್ಟಿಯನ್ನೇ ಕೊಡುತ್ತಾನೆ. ಅದರಲ್ಲಿ ಅಶೋಕದ ಕಾಯಿ ಇದೆ, ಶ್ರೀಗಂಧದ ಹೂವು, ಹಣ್ಣು ಇವೆ. ಗಂಧದ ಮರ ಹೂಬಿಡುತ್ತದೆ, ಕಪ್ಪುನೇರಳೆ ಬಣ್ಣದ ಹಣ್ಣು ಬಿಡುತ್ತದೆ, ಹಕ್ಕಿಗಳು ಅದನ್ನು ತಿಂದು ಬೀಜ ಹರಡುತ್ತವೆ. ನಮ್ಮ ಮೈಸೂರು ಸೀಮೆಯ ರೈತರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಕಾವ್ಯವನ್ನು ಮಾತ್ರ ನಂಬಿದವನು ಗಂಧದ ಮರಕ್ಕೆ ಹೂವೇ ಇಲ್ಲ ಎಂದುಕೊಂಡಾನು. ಈ ಆಕ್ಷೇಪವನ್ನು ನಾನು ತುಂಬ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ.

ಸೋಮದ ಕಥೆ ಇವರ ಕೈಯಲ್ಲಿರುವ ಇನ್ನೂ ದೊಡ್ಡ ಅಸ್ತ್ರ. ಋಗ್ವೇದದ ಒಂಬತ್ತನೆಯ ಮಂಡಲದ 114 ಸೂಕ್ತಗಳು ಹೆಚ್ಚುಕಡಿಮೆ ಪೂರ್ತಿಯಾಗಿ ಸೋಮಕ್ಕೇ ಮೀಸಲು. ಒಂದು ಗಿಡದ ಬಗ್ಗೆ ಇಷ್ಟು ಪದ್ಯಗಳಿದ್ದೂ ಅದು ಯಾವುದೆಂದು ಒಮ್ಮತವಿಲ್ಲ. ಒಬ್ಬರು ಎಫಿಡ್ರಾ ಎಂದರು, ಇನ್ನೊಬ್ಬರು ಹಾಲು ಸುರಿಸುವ ಎಲೆಯಿಲ್ಲದ ಬಳ್ಳಿ ಎಂದರು. 1968ರಲ್ಲಿ ಗಾರ್ಡನ್ ವಾಸನ್ ಅದನ್ನು ಅಣಬೆ ಎಂದರು. ಎಲ್ಲರೂ ಅದೇ ಸೂಕ್ತಗಳಿಂದಲೇ ಆಧಾರ ಕೊಟ್ಟರು.

ವೈದ್ಯರೂ ಕವಿಗಳೂ ಒಂದೇ ಕೋಶದಿಂದ ಹೆಸರು ಎತ್ತಿಕೊಂಡದ್ದು ಗೋಜಲನ್ನು ಹೆಚ್ಚಿಸಿತು. ಅಮರಕೋಶದ ವನೌಷಧಿವರ್ಗದಲ್ಲಿ 'ಅಮೃತಾ' ಎಂಬ ಹೆಸರು ಅಮೃತಬಳ್ಳಿಗೂ ಇದೆ, ಅಳಲೆಕಾಯಿಗೂ ಇದೆ, ನೆಲ್ಲಿಗೂ ಇದೆ. ಆದರೆ ಅದೇ ಕೋಶ ಅಮೃತಬಳ್ಳಿಗೆ 'ಛಿನ್ನರುಹಾ' ಎಂಬ ಹೆಸರನ್ನೂ ಕೊಡುತ್ತದೆ. ಕತ್ತರಿಸಿದರೂ ಬೆಳೆಯುವುದು ಎಂದರ್ಥ. ಬಳ್ಳಿಯ ತುಂಡೊಂದನ್ನು ಬೇಲಿಯ ಮೇಲೆ ಎಸೆದು ನೋಡಿ, ಮಣ್ಣು ಸೋಕದೆಯೂ ಅದು ದಾರದಂಥ ಬೇರು ಇಳಿಬಿಡುತ್ತದೆ. ಹೆಸರಿಟ್ಟವರು ಗಿಡವನ್ನು ಬಲ್ಲವರೇ. ಹೀಗೆ ಒಂದೇ ಪುಟ ಇಬ್ಬರ ವಾದಕ್ಕೂ ಒದಗುತ್ತದೆ.

ಕನ್ನಡದ ಶಾಸ್ತ್ರಗ್ರಂಥಗಳಿಗೆ ಬಂದರೆ ಈ ಪ್ರಶ್ನೆ ಇನ್ನಷ್ಟು ಹತ್ತಿರದ್ದಾಗುತ್ತದೆ. 14ನೇ ಶತಮಾನದ ಮಂಗರಾಜನ 'ಖಗೇಂದ್ರಮಣಿದರ್ಪಣ' ವಿಷಚಿಕಿತ್ಸೆಯ ಗ್ರಂಥ, ಆದರೆ ಪದ್ಯದಲ್ಲಿದೆ. 12ನೇ ಶತಮಾನದ ಕೀರ್ತಿವರ್ಮನ 'ಗೋವೈದ್ಯ'ವೂ ಅಷ್ಟೆ. ಕಂದ ಪದ್ಯಕ್ಕೆ ಗಣ ಕೂಡಬೇಕು, ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಪ್ರಾಸ ಬೀಳಬೇಕು. ಒಂದು ಮೂಲಿಕೆಗೆ ಹತ್ತು ಹೆಸರಿದ್ದರೆ ಪ್ರಾಸಕ್ಕೆ ಒದಗುವ ಹೆಸರನ್ನೇ ಕವಿ ಎತ್ತಿಕೊಂಡಿರುತ್ತಾನೆ. ಆ ಹೆಸರು ಇನ್ನೆರಡು ಗಿಡಕ್ಕೂ ಸಲ್ಲುವುದಾದರೆ, ಐದು ನೂರು ವರ್ಷದ ಮೇಲೆ ಅದನ್ನು ಓದುವ ವೈದ್ಯರು ಯಾವುದನ್ನು ಅರೆಯಬೇಕು? ಛಂದಸ್ಸು ಗೊತ್ತಿಲ್ಲದ ಸಸ್ಯಶಾಸ್ತ್ರಜ್ಞ ಇಲ್ಲಿ ಎಡವುತ್ತಾನೆ; ಗಿಡ ಗೊತ್ತಿಲ್ಲದ ಹಳಗನ್ನಡ ಪಂಡಿತನೂ ಎಡವುತ್ತಾನೆ. ವಿಷದ ವಿಷಯದಲ್ಲಿ ಎಡವುವುದು ಸಣ್ಣ ಮಾತಲ್ಲ.

ಕಾವ್ಯ ಬಾಯಿಬಿಡದ ಕಡೆಗಳೂ ಇವೆ. ಕರಾವಳಿ, ಮಲೆನಾಡಿನ ಮನೆಗಳಲ್ಲಿ ತಂಬುಳಿಗೆ ಹಾಕುವ ಒಂದೆಲಗವನ್ನು ನಮ್ಮಲ್ಲಿ ಬ್ರಾಹ್ಮಿ ಎನ್ನುತ್ತಾರೆ. ಕೇರಳದ ವೈದ್ಯರಿಗೆ ಬ್ರಾಹ್ಮಿ ಎಂದರೆ ನೀರಿನ ಬದಿಯಲ್ಲಿ ಹಬ್ಬುವ, ದಪ್ಪ ಸಣ್ಣ ಎಲೆಯ ನೀರುಬ್ರಾಹ್ಮಿ. ಸರ್ಕಾರದ ಆಯುರ್ವೇದ ಔಷಧಕೋಶ ಬ್ರಾಹ್ಮಿ ಎಂಬ ಹೆಸರನ್ನು ನೀರುಬ್ರಾಹ್ಮಿಗೆ ಕೊಟ್ಟು, ಒಂದೆಲಗವನ್ನು ಮಂಡೂಕಪರ್ಣಿ ಎಂದು ಕರೆದಿದೆ. ಕಾರ್ಖಾನೆಗೆ, ಸಂಶೋಧನೆಗೆ ಈ ಸ್ಪಷ್ಟತೆ ಬೇಕೇಬೇಕು. ಎರಡು ಗಿಡಗಳ ಸಾರವನ್ನು ಒಂದೇ ಹೆಸರಿನಲ್ಲಿ ಪರೀಕ್ಷಿಸಿದರೆ ಫಲಿತಾಂಶಕ್ಕೆ ಅರ್ಥವಿಲ್ಲ. ಹಾಗೆಂದು ನಮ್ಮ ಅಜ್ಜಿಯರು ತಪ್ಪು ಬ್ರಾಹ್ಮಿ ತಿನ್ನಿಸಿದರು ಎಂದು ಹೇಳಹೊರಟರೆ ನಾನು ಒಪ್ಪಲಾರೆ. ಬಾಟಲಿಯ ಮೇಲೆ ಸಸ್ಯಶಾಸ್ತ್ರದ ಹೆಸರು, ಊರಿನ ಹೆಸರು ಎರಡೂ ಇರಲಿ. ಶಂಖಪುಷ್ಪಿಗೂ ಇದೇ ಬೇಕು. ಆ ಹೆಸರಿನಲ್ಲಿ ವಿಷ್ಣುಕ್ರಾಂತಿಯೂ ಸೇರಿ ಕನಿಷ್ಠ ನಾಲ್ಕು ಗಿಡಗಳು ನಡೆಯುತ್ತಿವೆ.

ಸಸ್ಯಶಾಸ್ತ್ರ ಹಳೆಯ ಗ್ರಂಥ, ಶಿಲ್ಪಗಳ ಓದನ್ನು ತಿದ್ದಿದ ಸಂದರ್ಭಗಳೂ ಉಂಟು. ಬಿ.ಜಿ.ಎಲ್. ಸ್ವಾಮಿಯವರು 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ'ದಲ್ಲಿ ಮೆಣಸಿನಕಾಯಿ, ಆಲೂಗಡ್ಡೆಗಳ ತವರನ್ನು ತೋರಿಸಿದ ಮೇಲೆ, ಪೋರ್ಚುಗೀಸರಿಗಿಂತ ಮೊದಲಿನ ಗ್ರಂಥದಲ್ಲಿ ಮೆಣಸಿನಕಾಯಿ ಕಂಡರೆ ಆ ಪಾಠವನ್ನೇ ಅನುಮಾನಿಸಬೇಕಾಗುತ್ತದೆ. ಸೋಮನಾಥಪುರದ ಹಳೆಯ ಶಿಲ್ಪಗಳ ಕೈಯಲ್ಲಿರುವುದೂ ಅಮೆರಿಕ ಮೂಲದ ಮುಸುಕಿನ ಜೋಳ ಎಂದು 1989ರಲ್ಲಿ ಜೊಹಾನೆಸನ್ ಮತ್ತು ಪಾರ್ಕರ್ ವಾದಿಸಿದಾಗ, ಜೋಳದ ತೆನೆಯನ್ನು ಹತ್ತಿರದಿಂದ ಬಲ್ಲ ಪಾಯಕ್ ಮತ್ತು ಸಚಾನ್ 1993ರಲ್ಲಿ ಅದನ್ನು ಅಲ್ಲಗಳೆದರು.

ಇಷ್ಟನ್ನೂ ತೂಗಿ ನೋಡಿದಾಗ ನನಗೆ ಅನಿಸುವುದು: ಇಂಥ ಗಿಡ ಇದಲ್ಲ ಎಂದು ಹೇಳುವುದರಲ್ಲಿ ಕಾವ್ಯ ಬಲಶಾಲಿ, ಇದೇ ಎಂದು ಹೇಳುವುದರಲ್ಲಿ ದುರ್ಬಲ. ಕವಿಯ ಮೌನವನ್ನಂತೂ ಪುರಾವೆ ಎನ್ನಲೇಬಾರದು. ಅಶೋಕ ಹೆಣ್ಣಿನ ಪಾದಕ್ಕೆ ಅರಳುತ್ತದೆ ಎಂಬ ಕವಿಸಮಯವನ್ನು ಹಿಡಿದು, ಅದು ಹೆಂಗಸರ ಔಷಧಿ ಎಂದು ಹಿಂದಿನವರಿಗೆ ಗೊತ್ತಿತ್ತು ಎನ್ನುವವರನ್ನು ನಾನು ಹಿಂಬಾಲಿಸಲಾರೆ. ಚರಕ ಅಶೋಕವನ್ನು ಸೇರಿಸಿದ್ದು ನೋವು ಶಮನ ಮಾಡುವ ಗುಂಪಿಗೆ. ಸ್ರಾವಕ್ಕೆ ಅದರ ಬಳಕೆ ಮುಂದಿನ ಗ್ರಂಥಗಳಲ್ಲಿ ಎದ್ದು ಕಾಣುತ್ತದೆ. ಆದರೆ ಕಾವ್ಯ ಬೇಡವೇ ಬೇಡ ಎನ್ನುವವರಿಗೂ ಒಂದು ಮಾತು ಹೇಳಬೇಕು: ಏನೂ ತಿಳಿಯುವಂತಿಲ್ಲ ಎಂದು ವಿದ್ವಾಂಸರು ಕೈಚೆಲ್ಲಿದರೆ, ಯಾವ ತೊಗಟೆ ಅಶೋಕ ಎಂದು ತೀರ್ಮಾನಿಸುವವನು ಮೂಟೆ ಮಾರುವ ವ್ಯಾಪಾರಿಯಾಗುತ್ತಾನೆ.

ಸ್ವಾಮಿಯವರಲ್ಲಿ ಸಸ್ಯಶಾಸ್ತ್ರಜ್ಞ ಮತ್ತು ಸಾಹಿತಿ ಒಂದೇ ಮೈಯಲ್ಲಿದ್ದರು. ಅವರ 'ಹಸುರು ಹೊನ್ನು' 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಅಂಥವರಿಗಾಗಿ ಕಾಯುತ್ತ ಕೂರಬೇಕಾಗಿಲ್ಲ. ಹಳಗನ್ನಡ ಬಲ್ಲವರೊಬ್ಬರು, ಮೂಲಿಕೆ ಅರೆದ ಅನುಭವವಿರುವ ವೈದ್ಯರೊಬ್ಬರು, ಸಸ್ಯಶಾಸ್ತ್ರಜ್ಞರೊಬ್ಬರು ಒಂದೇ ಮೇಜಿನ ಸುತ್ತ ಕುಳಿತು 'ಖಗೇಂದ್ರಮಣಿದರ್ಪಣ'ವನ್ನೋ 'ಗೋವೈದ್ಯ'ವನ್ನೋ ಮತ್ತೆ ಸಂಪಾದಿಸಲಿ. ಪ್ರತಿ ಹೆಸರಿನ ಕೆಳಗೆ ಸಾಧ್ಯವಿರುವ ಎಲ್ಲ ಗಿಡಗಳನ್ನೂ, ಯಾವ ಸೀಮೆಯಲ್ಲಿ ಯಾವುದು ಬಳಕೆಯಲ್ಲಿದೆ ಎಂಬುದನ್ನೂ ಬರೆಯಲಿ. ಪ್ರಾಸಕ್ಕಾಗಿ ಬಂದಿರಬಹುದಾದ ಹೆಸರಿಗೆ ಅಲ್ಲೇ ಗುರುತು ಹಾಕಲಿ. ಮೂವರೂ ಒಪ್ಪದ ಕಡೆ ಮೂರು ಅಭಿಪ್ರಾಯವನ್ನೂ ಹಾಗೆಯೇ ಅಚ್ಚುಮಾಡಲಿ.