ಚಾಸಿಯ ಜಾತಕ
ಕೊಳ್ಳೇಗಾಲ, ಹನೂರು ದಾಟಿ ತಾಳುಬೆಟ್ಟದಿಂದ ಮಾದಪ್ಪನ ಸನ್ನಿಧಿಗೆ ಏರುವ ತಿರುವುಗಳಲ್ಲಿ ಗಾಡಿಯ ಯೋಗ್ಯತೆ ತಿಳಿಯುವುದು ಬಣ್ಣದಿಂದಲ್ಲ, ಚಾಸಿಯಿಂದ. ಹಳೇ ಲಾರಿಯದೋ ಜೀಪಿನದೋ ಚಾಸಿ ಹುಡುಕಿ, ಅದರ ಮೇಲೆ ಬೇರೆ ಎಂಜಿನ್ ಕೂರಿಸಿ, ಅಮೆರಿಕದವರ ಹಾಗೆ ‘ಹಾಟ್ ರಾಡ್’ ಕಟ್ಟಹೊರಡುವವರು ಮೊದಲು ಎಡವುವುದೂ ಇಲ್ಲೇ. ಗುಜರಿಯಲ್ಲಿ ಅವರು ಲಾಂಛನ ನೋಡಿ ಮರುಳಾಗುತ್ತಾರೆ. ಟಾಟಾ ಲಾರಿಗಳ ಮೂತಿಯ ಮೇಲೆ ಬೆಂಜ್ ನಕ್ಷತ್ರ ಮಿನುಗಿದ್ದು 1954ರಿಂದ 1969ರವರೆಗಿನ ಒಪ್ಪಂದದ ಕಾಲದಲ್ಲಿ, ನಿಜ. ಆದರೆ ಆ ನಕ್ಷತ್ರವನ್ನು ಬಿಚ್ಚಿ ಯಾವ ಗಾಡಿಗೆ ಬೇಕಾದರೂ ಸಿಕ್ಕಿಸಬಹುದು. ಅಡಿಯ ಕಬ್ಬಿಣವನ್ನು ಹಾಗೆ ಬದಲಿಸುವುದು ಸುಲಭವಲ್ಲ. ಯುದ್ಧಕಾಲದ ಜೀಪುಗಳನ್ನೇ ನೋಡಿ: ರೇಡಿಯೇಟರಿನ ಕೆಳಗಿನ ಅಡ್ಡತೊಲೆ ದುಂಡು ಕೊಳವೆಯಾಗಿದ್ದರೆ ವಿಲ್ಲಿಸ್, ಚೌಕವಾಗಿದ್ದರೆ ಫೋರ್ಡ್. ರಿವೆಟ್ ಇರಬೇಕಾದಲ್ಲಿ ಬೆಸುಗೆ ಕಂಡರೆ, ನಂಬರಿನ ಸುತ್ತ ಗ್ರೈಂಡರಿನ ಗೀರು ಕಂಡರೆ, ದರದ ಮಾತನ್ನೇ ಎತ್ತಬಾರದು. ಗುಜರಿ ಕಬ್ಬಿಣಕ್ಕೆ ಇಷ್ಟೆಲ್ಲ ಜಾತಕ ಯಾಕೆ, ಗಟ್ಟಿ ಇದ್ದರೆ ಸಾಲದೇ ಎನ್ನುವವರಿದ್ದಾರೆ. ತೋಟದೊಳಗೆ ಓಡಿಸುವುದಾದರೆ ಸಾಕು. ರಸ್ತೆಗೆ ಇಳಿದರೆ ಮಾತ್ರ ಕಾನೂನಿನ ಕಣ್ಣಿಗೆ ಚಾಸಿಯ ನಂಬರೇ ಗಾಡಿಯ ಗುರುತು. ತಯಾರಕರ ಮೂಲ ವಿವರಕ್ಕೆ ವಿರುದ್ಧವಾದ ಮಾರ್ಪಾಡು ಸಲ್ಲದೆಂದು ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ. ಐವತ್ತು ದಾಟಿದ ಗಾಡಿಗಳಿಗೆ 2021ರ ವಿಂಟೇಜ್ ನಿಯಮ ಇದೆಯಲ್ಲ ಎನ್ನಬಹುದು. ಚಾಸಿ, ಎಂಜಿನ್ ಮಾರ್ಪಡಿಸಿದವರಿಗೆ ಆ ಬಾಗಿಲೂ ಮುಚ್ಚಿದೆ. ಕುಶಲಕರ್ಮಿಗಳ ಕೈ ಕಟ್ಟಿಹಾಕುವ ನಿಯಮಗಳಿವು ಎಂಬ ಗೊಣಗಾಟದಲ್ಲಿ ತಥ್ಯವಿಲ್ಲದಿಲ್ಲ. ಆದರೂ ಮಾದಪ್ಪನ ಬೆಟ್ಟದ ಇಳಿಜಾರಿನಲ್ಲಿ ಎದುರಿಗೆ ಭಕ್ತರ ಬಸ್ಸು ಬರುತ್ತಿರುವಾಗ, ಯಾರೋ ತುಂಡರಿಸಿ ಬೆಸೆದ ಚಾಸಿಯನ್ನು ನಂಬಲು ನಾನಂತೂ ತಯಾರಿಲ್ಲ.